ಹೆಬ್ಬಾತನ್ನು ದನಿಯಿಂದ ಕರೆಯುವುದು: ಶಾರ್ಟ್ ರೀಡ್ ಕಾಲ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ನಗರದ ನಡುವೆ ಸಿಲ್ವರ್ ಲೇಕ್ ಎಂಬ ಕೆರೆಯಿದೆ. ದೈತ್ಯ ಕೆನಡಾ ಹೆಬ್ಬಾತು ಎಂಬ ಉಪಜಾತಿ ನಿರ್ನಾಮವಾಗಿಹೋಯಿತೆಂದು ಪಕ್ಷಿತಜ್ಞರು ನಂಬಿದ್ದ ಕಾಲದಲ್ಲಿ, 1962ರ ಚಳಿಗಾಲದಲ್ಲಿ, ಇಲಿನಾಯ್ ರಾಜ್ಯದ ಜೀವವಿಜ್ಞಾನಿ ಹೆರಾಲ್ಡ್ ಹ್ಯಾನ್ಸನ್ ಇದೇ ಕೆರೆಯಲ್ಲಿ ಆ ಹಕ್ಕಿಗಳನ್ನು ಗುರುತಿಸಿದರು. ದಡದ ವಿದ್ಯುತ್ ಸ್ಥಾವರ ಹೊರಬಿಡುತ್ತಿದ್ದ ಬೆಚ್ಚನೆಯ ನೀರಿನಿಂದಾಗಿ ಅಂದು ಕೆರೆ ಹೆಪ್ಪುಗಟ್ಟದೆ ಉಳಿಯುತ್ತಿತ್ತು, ಹಕ್ಕಿಗಳೂ ಅಲ್ಲಿಯೇ ಉಳಿಯುತ್ತಿದ್ದವು. ಶಾರ್ಟ್ ರೀಡ್ ಕಾಲ್ ಎಂದರೆ ಹೆಬ್ಬಾತಿನ ಕೂಗನ್ನು ಅನುಕರಿಸಿ ಹಕ್ಕಿಗಳನ್ನು ಹತ್ತಿರ ಕರೆಯಲು ಬೇಟೆಗಾರರು ನುಡಿಸುವ ಪುಟ್ಟ ಪೀಪಿ. ನಾನು ಅದನ್ನು ಕಲಿಯಲು ಹೊರಟ ಮೊದಲ ತಿಂಗಳು, ಪೀಪಿಯನ್ನು ಬಾಯಿಗಿಟ್ಟದ್ದಕ್ಕಿಂತ ಈ ಕೆರೆಯ ದಂಡೆಯಲ್ಲಿ ಕೂತು ಕಿವಿಗೊಟ್ಟದ್ದೇ ಹೆಚ್ಚು. ಇಂದು ಯಾರಾದರೂ ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಅದನ್ನೇ ಹೇಳುತ್ತೇನೆ: ಮೊದಲು ಹಕ್ಕಿಯನ್ನು ಕೇಳಿ, ಆಮೇಲೆ ಉಸಿರನ್ನು ಕಲಿಯಿರಿ, ಬೆರಳು ಮತ್ತು ನಾಲಿಗೆಯ ಸರದಿ ಅದರ ನಂತರ. ಬಹಳ ಜನ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡು, ಒಂದು ವಾರ ಪೀಪಿ ಚೀರಿಸಿ, ಇದು ತಮಗೆ ಒಗ್ಗದ ವಿದ್ಯೆಯೆಂದು ಮೂಲೆಗಿಟ್ಟುಬಿಡುತ್ತಾರೆ.

ಉಪಕರಣದ ಒಳಹೊರಗು

ಹೆಬ್ಬಾತಿನ ಕಾಲ್‌ಗಳಲ್ಲಿ ಹಲವು ಬಗೆಗಳಿವೆ. ಉದ್ದನೆಯ ಫ್ಲೂಟ್ ಮಾದರಿಯನ್ನು ನುಡಿಸುವುದು ಸುಲಭ. ಹೊಸಬರಿಗೂ ಒಂದು ಸಂಜೆಯಲ್ಲಿ ಸಾಧಾರಣವಾದ ಕೂಗು ಬಂದುಬಿಡುತ್ತದೆ, ಆದರೆ ಅದರಲ್ಲಿ ಹೊರಡಿಸಬಹುದಾದ ದನಿಗಳ ವ್ಯಾಪ್ತಿ ಕಿರಿದು. ಶಾರ್ಟ್ ರೀಡ್ ಮಾದರಿ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಒಂಟಿ ಹಕ್ಕಿಯ ಮೆಲುದನಿಯಿಂದ ಹಿಡಿದು ಇಡೀ ಹಿಂಡಿನ ಗದ್ದಲದವರೆಗೆ ಎಲ್ಲವನ್ನೂ ಅದರಲ್ಲಿ ಹೊರಡಿಸಬಹುದು, ಆದರೆ ಅದು ತಿಂಗಳುಗಟ್ಟಲೆ ಅಭ್ಯಾಸವನ್ನು ಬೇಡುತ್ತದೆ.

ಕಾಲ್ ಅನ್ನು ಬಿಚ್ಚಿ ನೋಡಿದರೆ ಎರಡು ಮುಖ್ಯ ಭಾಗಗಳು ಕಾಣುತ್ತವೆ. ತುಟಿಗೆ ತಾಗುವ ದಪ್ಪ ಭಾಗ ಬ್ಯಾರೆಲ್. ಅದರೊಳಕ್ಕೆ ತೂರಿಸಿ ಕೂರಿಸುವ, ಕೈಯಲ್ಲಿ ಹಿಡಿಯುವ ತುದಿಯುಳ್ಳ ಭಾಗ ಇನ್ಸರ್ಟ್. ಇನ್ಸರ್ಟ್‌ನ ಒಳತುದಿಯಲ್ಲಿ ಟೋನ್ ಬೋರ್ಡ್ ಇರುತ್ತದೆ, ಅಂದರೆ ಮೇಲೆ ನವಿರಾದ ಬಾಗುಳ್ಳ, ನಡುವೆ ಸಣ್ಣ ಕಾಲುವೆ ಕೊರೆದ ಒಂದು ಹಲಗೆ. ಆ ಬಾಗಿನ ಮೇಲೆ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಸಣ್ಣ ಪಟ್ಟಿ ಮಲಗಿರುತ್ತದೆ, ಇದೇ ರೀಡ್. ರೀಡ್ ಜಾರದಂತೆ ಹಿಂಬದಿಯಲ್ಲಿ ಒಂದು ಬೆಣೆ ಅದನ್ನು ಒತ್ತಿ ಹಿಡಿಯುತ್ತದೆ. ಬಾಯಿಯಿಂದ ಬಂದ ಗಾಳಿ ಬ್ಯಾರೆಲ್ ದಾಟಿ, ರೀಡನ್ನು ಅದುರಿಸಿ, ಕಾಲುವೆಯ ಮೂಲಕ ಹರಿದು ಇನ್ಸರ್ಟ್‌ನ ತುದಿಯಿಂದ ಹೊರಬೀಳುತ್ತದೆ. ಬಾಲ್ಯದಲ್ಲಿ ತೆಂಗಿನ ಗರಿಯನ್ನು ಸುತ್ತಿ ಪೀಪಿ ಮಾಡಿದವರಿಗೆ ಈ ತತ್ವ ಹೊಸದಲ್ಲ: ತೆಳುವಾದ ಪಟ್ಟಿ, ಕಿರಿದಾದ ಸಂದು, ಅದರೊಳಗೆ ನುಗ್ಗುವ ಉಸಿರು. ತೆಂಗಿನ ಗರಿಯ ಪೀಪಿಗೆ ಒಂದೇ ದನಿಯಾದರೆ ಈ ಪೀಪಿಗೆ ಎರಡು ಎಂಬುದೇ ವ್ಯತ್ಯಾಸ, ಮತ್ತು ಕಲಿಕೆಯೆಲ್ಲ ಆ ಎರಡು ದನಿಗಳ ನಡುವಿನ ದಾರಿಯಲ್ಲಿದೆ.

ಮೊದಲ ಕಾಲ್ ಕೊಳ್ಳುವವರು ಪಾಲಿಕಾರ್ಬನೇಟ್‌ನದನ್ನು ಕೊಂಡರೆ ಸಾಕು. ಅಕ್ರಿಲಿಕ್‌ನಲ್ಲಿ ಕಡೆದ ಕಾಲ್‌ಗಳ ದನಿ ಹರಿತವಾಗಿದ್ದು ಬಯಲಿನಲ್ಲಿ ದೂರ ಸಾಗುತ್ತದೆ, ಆದರೆ ಅವುಗಳ ಬೆಲೆ 100 ಡಾಲರ್ ದಾಟುವುದು ಸಾಮಾನ್ಯ. ಮರದ ಕಾಲ್ ಮೃದುವಾಗಿ ನುಡಿದರೂ ತೇವಕ್ಕೆ ಹಿಗ್ಗುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಹಗುರವಾಗಿ ಉಸಿರು ಬಿಟ್ಟಾಗಲೂ ರೀಡ್ ಅದುರಬೇಕು. ಸ್ಪರ್ಧೆಗೆಂದು ಬಿಗಿಯಾಗಿ ಟ್ಯೂನ್ ಮಾಡಿದ ಕಾಲ್ ಹೊಸಬರ ಕೈಯಲ್ಲಿ ಮೂಕವಾಗಿ ಕೂರುತ್ತದೆ.

ಮೊದಲ ಹೆಜ್ಜೆ: ಕಿವಿ

ಕೆನಡಾ ಹೆಬ್ಬಾತುಗಳು ಒಂದೇ ಸಂಗಾತಿಯೊಂದಿಗೆ ಬಾಳುವ ಹಕ್ಕಿಗಳು, ಮತ್ತು ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯೊಂದಿಗೇ ಕಳೆಯುತ್ತವೆ. ಆದ್ದರಿಂದ ನಮಗೆ ದೂರದಿಂದ ಗದ್ದಲವಾಗಿ ಕೇಳುವುದು ವಾಸ್ತವದಲ್ಲಿ ಹಲವು ಕುಟುಂಬಗಳ ಮಾತುಕತೆ. ಗಂಡಿನ ಕೂಗು ತಗ್ಗಿನದು, ನಿಧಾನದ್ದು. ಹೆಣ್ಣಿನದು ಎತ್ತರದ್ದು, ಚುರುಕಾದದ್ದು. ಜೋಡಿಯೊಂದು ಹಾರುವಾಗ ಎರಡೂ ಒಂದರ ಹಿಂದೆ ಒಂದು ಎಷ್ಟು ಬಿಗಿಯಾಗಿ ಕೂಗುತ್ತವೆಂದರೆ ಒಂದೇ ಹಕ್ಕಿಯ ದನಿಯೆಂದು ಭ್ರಮೆಯಾಗುತ್ತದೆ.

ಮಂಜು ಮುಸುಕಿದ ಬೆಳಗಿನಲ್ಲಿ ನೀರಿನ ಬದಿಗೆ ಹೋಗಿ, ಫೋನಿನಲ್ಲಿ ಹತ್ತು ನಿಮಿಷ ಧ್ವನಿಮುದ್ರಿಸಿಕೊಂಡು ಬನ್ನಿ. ಮನೆಯಲ್ಲಿ ಅದನ್ನು ಕೇಳುತ್ತ ಮೂರು ಸಂದರ್ಭಗಳನ್ನು ಬೇರ್ಪಡಿಸಿ: ನೆಮ್ಮದಿಯಿಂದ ತೇಲುವಾಗಿನ ಗೊಣಗು, ಹೊಸ ಹಿಂಡು ಇಳಿಯುವಾಗಿನ ಸಡಗರ, ನಾಯಿಯೋ ಮನುಷ್ಯನೋ ಹತ್ತಿರ ಬಂದಾಗಿನ ಎಚ್ಚರಿಕೆ. ಎಚ್ಚರಿಕೆಯ ಕೂಗು ಹೇಗಿರುತ್ತದೆಂದು ತಿಳಿಯದವನು ಹೊಲದಲ್ಲಿ ಅದನ್ನೇ ಊದಿ ಹಿಂಡನ್ನು ಓಡಿಸುವ ಸಂಭವವಿದೆ. ಸ್ಪರ್ಧೆಗಳ ಧ್ವನಿಮುದ್ರಿಕೆಗಳನ್ನು ಆರಂಭದಲ್ಲಿ ಕೇಳಬೇಡಿ. ಮೇರಿಲ್ಯಾಂಡ್ ರಾಜ್ಯದ ಈಸ್ಟನ್ ಪಟ್ಟಣದಲ್ಲಿ ನಡೆಯುವ ಪ್ರಸಿದ್ಧ ಸ್ಪರ್ಧೆಯಲ್ಲಿ ಕೇಳುವ ಪಟ್ಟುಗಳು ಮನುಷ್ಯ ತೀರ್ಪುಗಾರರಿಗಾಗಿ ಕಟ್ಟಿದವು. ಅವುಗಳ ಚಮತ್ಕಾರ ದೊಡ್ಡದೇ, ಆದರೆ ಹಕ್ಕಿಯ ಮಾತನ್ನು ಹಕ್ಕಿಯಿಂದಲೇ ಕಲಿಯುವುದು ಲೇಸು.

ಎರಡನೆಯ ಹೆಜ್ಜೆ: ಉಸಿರು

ಈ ಭಾಗವನ್ನು ನಿಧಾನವಾಗಿ ಓದಿ, ಏಕೆಂದರೆ ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿವೆ.

ಬಿಸಿ ಕಾಫಿಯನ್ನು ಆರಿಸಲು ಲೋಟದ ಮೇಲೆ ಊದುತ್ತೇವೆ. ಆಗ ತುಟಿ ಚೂಪಾಗುತ್ತದೆ, ಕೆನ್ನೆ ಉಬ್ಬುತ್ತದೆ, ಹೊರಬರುವ ಗಾಳಿ ತಣ್ಣಗಿರುತ್ತದೆ. ಇನ್ನು ಕನ್ನಡಕದ ಗಾಜನ್ನು ಒರೆಸುವ ಮೊದಲು ಬಾಯಿ ತೆರೆದು ಹಾ ಎಂದು ಅದರ ಮೇಲೆ ಉಸಿರು ಬಿಡುತ್ತೇವೆ. ಆ ಗಾಳಿ ಬೆಚ್ಚಗಿರುತ್ತದೆ, ತೇವವಾಗಿರುತ್ತದೆ, ಗಂಟಲು ಅಗಲವಾಗಿ ತೆರೆದುಕೊಂಡಿರುತ್ತದೆ, ಹೊಟ್ಟೆ ಒಳಕ್ಕೆ ಸರಿಯುತ್ತದೆ. ಕನ್ನಡದಲ್ಲಿ ಮೊದಲನೆಯದನ್ನು ಊದುವುದು ಎನ್ನುತ್ತೇವೆ, ಎರಡನೆಯದನ್ನು ಹಾಗೆ ಕರೆಯುವುದಿಲ್ಲ. ಶಾರ್ಟ್ ರೀಡ್ ಕಾಲ್‌ಗೆ ಬೇಕಾದದ್ದು ಈ ಎರಡನೆಯ ಗಾಳಿ. ಕೆನ್ನೆಯಿಂದ ಊದಿದರೆ ರೀಡ್ ಒಂದೋ ಚೀರುತ್ತದೆ, ಇಲ್ಲವೇ ಬೋರ್ಡಿಗೆ ಅಂಟಿಕೊಂಡು ಸುಮ್ಮನಾಗುತ್ತದೆ. ಕರ್ನಾಟಕ ಸಂಗೀತದ ಗುರುಗಳು ಸ್ವರವನ್ನು ನಾಭಿಯಿಂದ ಹೊರಡಿಸಬೇಕೆಂದು ಮಕ್ಕಳಿಗೆ ಮತ್ತೆ ಮತ್ತೆ ಹೇಳುವುದುಂಟು. ಬಾಲ್ಯದಲ್ಲಿ ಎರಡು ವರ್ಷ ಸರಳೆ, ಜಂಟಿವರಸೆಗಳನ್ನು ಹಾಡಿದ್ದರಿಂದ, ಎದೆಯ ಕೆಳಗಿನ ವಪೆಯನ್ನು ಬಳಸುವುದೆಂದರೇನು ಎಂಬುದನ್ನು ಮಿನ್ನೆಸೋಟದ ಹೊಲದಲ್ಲಿ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಭ್ಯಾಸ ಹೀಗಿರಲಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಅಂಗೈಯನ್ನು ಹೊಟ್ಟೆಯ ಮೇಲಿಡಿ. ಇನ್ನೊಂದು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಅದರ ಮೇಲೆ ಹಾ ಎಂದು ಉಸಿರು ಹಾಯಿಸಿ. ಕನ್ನಡಿಯಲ್ಲಿ ಆವಿ ಮೂಡಬೇಕು, ಹೊಟ್ಟೆಯ ಮೇಲಿನ ಕೈ ಒಳಕ್ಕೆ ಹೋಗಬೇಕು, ಕೆನ್ನೆ ಅಲುಗಬಾರದು. ಐದಾರು ಸಲ ಇದು ಸರಿಯಾಗಿ ಬಂದ ಮೇಲೆ ಬಾಯಿಯ ಆಕಾರವನ್ನು ಹಾದಿಂದ ಹೂಗೆ ಬದಲಿಸಿ, ಗಂಟಲು ಮಾತ್ರ ಹಾಗೆಯೇ ತೆರೆದಿರಲಿ. ಆಮೇಲೆ ಕನ್ನಡಿಯನ್ನಿಟ್ಟು ಕಾಲ್ ಎತ್ತಿಕೊಳ್ಳಿ. ಬ್ಯಾರೆಲ್‌ನ ಅಂಚನ್ನು ತುಟಿಗಳ ನಡುವೆ ಹಗುರವಾಗಿ ಇಟ್ಟು, ಬದಿಗಳಿಂದ ಗಾಳಿ ಸೋರದಂತೆ ನೋಡಿಕೊಂಡು, ಅದೇ ಬೆಚ್ಚನೆಯ ಹೂ ಉಸಿರನ್ನು ನಿಧಾನವಾಗಿ ಬಿಡಿ. ಹಲ್ಲಿನಿಂದ ಕಚ್ಚಬೇಡಿ.

ಹೊರಡುವ ದನಿ ತಗ್ಗಿನಲ್ಲಿರಬೇಕು, ತುಸು ದುಃಖದ ಛಾಯೆಯಿರಬೇಕು. ದೂರದ ಕೊಟ್ಟಿಗೆಯಲ್ಲಿ ಎಳೆಗರು ಅಂಬಾ ಎಂದಂತೆ ಕೇಳಬೇಕು. ಇದನ್ನು ಮೋನ್ ಎನ್ನುತ್ತಾರೆ. ಮುಂದಿನ ಎಲ್ಲ ದನಿಗಳೂ ಇದರ ಮೇಲೆಯೇ ನಿಲ್ಲುವುದರಿಂದ, ಮೊದಲ ಎರಡು ವಾರ ಇದನ್ನಲ್ಲದೆ ಬೇರೇನನ್ನೂ ನುಡಿಸಬಾರದೆಂದು ನಾನು ಕೇಳಿಕೊಳ್ಳುತ್ತೇನೆ. ಒಂದೇ ಉಸಿರಿನಲ್ಲಿ, ಅಲುಗಾಡದೆ, ನಾಲ್ಕೈದು ಸೆಕೆಂಡು ಈ ದನಿ ನಿಂತಾಗ ಮುಂದಿನ ಹೆಜ್ಜೆಗೆ ಸಿದ್ಧರಾದಿರೆಂದು ತಿಳಿಯಿರಿ.

ಕೈಯ ಕೆಲಸ

ನುಡಿಸುವಾಗ ಕೈ ಕೇವಲ ಹಿಡಿಯಲು ಇರುವುದಲ್ಲ, ಅದು ವಾದ್ಯದ ಅರ್ಧ ಭಾಗ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಮಾಡಿ ಇನ್ಸರ್ಟ್‌ನ ತುದಿಯನ್ನು ಅದರಲ್ಲಿ ಹಿಡಿಯಿರಿ. ತುದಿಯ ರಂಧ್ರ ಅಂಗೈಯ ಒಳಗಡೆಗೆ ತೆರೆದುಕೊಳ್ಳಲಿ. ಉಳಿದ ಮೂರು ಬೆರಳುಗಳನ್ನು ಮಡಚಿದಾಗ ಅಂಗೈಯಲ್ಲಿ ಒಂದು ಪುಟ್ಟ ಗೂಡು ಉಂಟಾಗುತ್ತದೆ. ಹೊರಬಂದ ಗಾಳಿ ಈ ಗೂಡಿನಲ್ಲಿ ತಡೆದು ನಿಲ್ಲುವುದರಿಂದ ರೀಡ್‌ನ ಮೇಲೆ ಎದುರೊತ್ತಡ ಬೀಳುತ್ತದೆ, ದನಿ ತಗ್ಗುತ್ತದೆ, ಒರಟುತನ ಹೋಗಿ ದುಂಡಾಗುತ್ತದೆ. ಬೆರಳುಗಳ ನಡುವೆ ಪೆನ್ಸಿಲ್ ತೂರುವಷ್ಟು ಕಿಂಡಿಯಿದ್ದರೆ ಆರಂಭಕ್ಕೆ ಸರಿ. ಬಲಗೈಯನ್ನು ಅದರ ಮೇಲೆ ಬೊಗಸೆಯಂತೆ ಕವುಚಿ, ಬೇಕಾದಾಗ ಬಾಗಿಲಿನಂತೆ ತೆರೆದು ಮುಚ್ಚಬಹುದು.

ಒಂದು ಪ್ರಯೋಗದಿಂದ ಇದು ಸ್ಪಷ್ಟವಾಗುತ್ತದೆ. ಮೋನ್ ನುಡಿಸುತ್ತಲೇ ಕೈಯನ್ನು ಪೂರ್ತಿ ತೆರೆಯಿರಿ: ದನಿ ತೆಳುವಾಗಿ, ತಗಡಿನಂತೆ ಕೇಳುತ್ತದೆ. ಪೂರ್ತಿ ಮುಚ್ಚಿ: ಉಸಿರು ಕಟ್ಟಿ ದನಿ ನಿಲ್ಲುತ್ತದೆ. ನಡುವೆ ಎಲ್ಲೋ ಒಂದು ಸ್ಥಾನದಲ್ಲಿ ಕಾಲ್ ಇಡೀ ಕೈಯೊಳಗೆ ಕಂಪಿಸಿ, ಆ ಕಂಪನ ಹೆಬ್ಬೆರಳ ಬುಡದಲ್ಲಿ ತಿಳಿಯುತ್ತದೆ. ಪ್ರತಿಯೊಬ್ಬರ ಅಂಗೈಗೂ ಈ ಸ್ಥಾನ ಬೇರೆ ಇರುವುದರಿಂದ ಇದನ್ನು ನೀವೇ ಹುಡುಕಿಕೊಳ್ಳಬೇಕು. ದಪ್ಪ ಕೈಗವಸು ತೊಟ್ಟರೆ ಇದು ಕೈಗೆ ಸಿಗುವುದಿಲ್ಲ. ಹೊಲದಲ್ಲಿ ಎಡಗೈಗಾದರೂ ಬೆರಳುದಿ ತೆರೆದ ಗವಸು ಇರಲಿ.

ದನಿ ಒಡೆಯುವುದು

ಹದಿಹರೆಯದ ಹುಡುಗ ಮಾತಾಡುತ್ತಿದ್ದಂತೆ ದನಿ ತಟ್ಟನೆ ತಗ್ಗಿನಿಂದ ಎತ್ತರಕ್ಕೆ ಜಿಗಿದು ಮತ್ತೆ ಕೆಳಗಿಳಿಯುವುದನ್ನು ದನಿ ಒಡೆಯುವುದು ಎನ್ನುತ್ತೇವೆ. ಹೆಬ್ಬಾತಿನ ಹಾಂಕ್ ಎಂಬ ಕೂಗಿನ ಜೀವಾಳವೂ ಇಂಥ ಒಡೆತವೇ. ತಗ್ಗಿನ ದನಿಯೊಂದು ಮೊದಲು ಹೊರಟು, ಒಂದು ಬಿಂದುವಿನಲ್ಲಿ ಸೀಳಿ, ಎತ್ತರದ ದನಿಯಾಗಿ ಮುಗಿಯುತ್ತದೆ. ಎರಡರ ನಡುವೆ ಜಾರುವಿಕೆಯಿಲ್ಲ. ವೀಣೆಯ ಗಮಕದಂತೆ ಎಳೆದರೆ ಅದು ಹೆಬ್ಬಾತಾಗುವುದಿಲ್ಲ, ಮೆಟ್ಟಿಲು ಹತ್ತಿದಂತೆ ಒಮ್ಮೆಲೇ ಏರಬೇಕು. ಗಾಳಿಯ ಒತ್ತಡ ಹೆಚ್ಚಿದಾಗ ರೀಡ್ ಬೋರ್ಡಿನ ಬಾಗಿಗೆ ಒತ್ತಿಕೊಂಡು, ಅದುರುವ ಭಾಗದ ಉದ್ದ ಕಡಿಮೆಯಾಗಿ, ದನಿ ಮೇಲಕ್ಕೆ ಹಾರುತ್ತದೆ.

ಒತ್ತಡವನ್ನು ಹೆಚ್ಚಿಸಲು ಜೋರಾಗಿ ಊದಬೇಕೆಂದು ಭಾವಿಸುವುದೇ ಇಲ್ಲಿನ ದೊಡ್ಡ ತಪ್ಪು. ಉಸಿರು ಅಷ್ಟೇ ಇದ್ದರೂ ಬಾಯೊಳಗಿನ ಜಾಗ ಕಿರಿದಾದರೆ ಗಾಳಿಯ ವೇಗ ತಾನಾಗಿ ಏರುತ್ತದೆ, ಮತ್ತು ಆ ಜಾಗವನ್ನು ಕಿರಿದಾಗಿಸುವುದು ನಾಲಿಗೆ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಸಿದ್ಧ ಪಾಠವಿದೆ. ಉ ಎನ್ನಿ: ನಾಲಿಗೆಯ ಮುಂಭಾಗ ಕೆಳಗೆ ಮಲಗಿದೆ. ಈಗ ಇ ಎನ್ನಿ: ತುದಿ ಕೆಳಹಲ್ಲಿನ ಹಿಂದೆಯೇ ಇದ್ದು ನಡುಭಾಗ ಅಂಗುಳದತ್ತ ಎದ್ದಿದೆ. ವ್ಯಾಕರಣದಲ್ಲಿ ಇಕಾರವನ್ನು ತಾಲವ್ಯವೆಂದು ಕರೆಯುವುದು ಈ ಕಾರಣಕ್ಕೇ. ಉವಿನಿಂದ ಇಗೆ ಹಾರುವ ಈ ಚಲನೆಯೇ ದನಿಯನ್ನು ಒಡೆಯುತ್ತದೆ. ಕಾಲ್ ಇಲ್ಲದೆ, ಬರಿಯ ಉಸಿರಿನಲ್ಲಿ, ಪಿಸುಮಾತಿನಂತೆ ಹೂ-ವಿಟ್, ಹೂ-ವಿಟ್ ಎಂದು ಇಪ್ಪತ್ತು ಸಲ ಹೇಳಿಕೊಳ್ಳಿ, ನಾಲಿಗೆಯ ನಡುಭಾಗ ಏರುವುದನ್ನು ಗಮನಿಸಿ. ಕೊನೆಯ ಟ್ ಉಸಿರನ್ನು ಕಡಿಯುವುದಕ್ಕೆ ಮಾತ್ರ. ಇಲ್ಲಿ ಕನ್ನಡಿಗರು ಒಂದು ಎಚ್ಚರ ವಹಿಸಬೇಕು. ನಮ್ಮ ಟಕಾರದಲ್ಲಿ ನಾಲಿಗೆಯ ತುದಿ ಹಿಂದಕ್ಕೆ ಸುರುಳಿಯಾಗುತ್ತದೆ. ಅದನ್ನು ಪೂರ್ತಿಯಾಗಿ ಉಚ್ಚರಿಸಿದರೆ ಗಾಳಿಯ ದಾರಿ ಮುಚ್ಚಿ ಮುಂದಿನ ದನಿ ತಡವಾಗುತ್ತದೆ. ತುದಿಯನ್ನು ಮೇಲಕ್ಕೆತ್ತದೆ, ಹೊಟ್ಟೆಯನ್ನು ತಟ್ಟನೆ ಬಿಗಿಹಿಡಿದು ಉಸಿರನ್ನು ನಿಲ್ಲಿಸಿ.

ಈಗ ಕಾಲ್ ತೆಗೆದುಕೊಂಡು ಮೋನ್ ಆರಂಭಿಸಿ. ಎರಡು ಸೆಕೆಂಡು ತಗ್ಗಿನಲ್ಲಿ ನಿಂತು, ನಾಲಿಗೆಯನ್ನು ಇಗೆ ಎತ್ತುತ್ತಲೇ ಬಲಗೈಯನ್ನು ತುಸು ತೆರೆಯಿರಿ. ದನಿ ಒಡೆಯದಿದ್ದರೆ ಹೊಟ್ಟೆಯಿಂದ ಒಂದು ಸಣ್ಣ ತಳ್ಳು ಕೊಡಿ, ಕೆಮ್ಮಿದಾಗ ಹೊಟ್ಟೆ ಮಿಡಿಯುವಷ್ಟು ಮಾತ್ರ. ಮೊದಲ ದಿನಗಳಲ್ಲಿ ಹತ್ತರಲ್ಲಿ ಒಂದು ಸಲ ಒಡೆದರೂ ಅದು ಒಳ್ಳೆಯ ಸೂಚನೆ. ನನಗೆ ಮೊದಲ ಬಾರಿ ಸರಿಯಾಗಿ ಒಡೆದದ್ದು ಹತ್ತೊಂಬತ್ತನೆಯ ದಿನ, ನಿಲ್ಲಿಸಿದ ಕಾರಿನೊಳಗೆ. ಆ ಕ್ಷಣದಲ್ಲಿ ಕೂದಲು ನವಿರೆದ್ದದ್ದು ಇಂದಿಗೂ ನೆನಪಿದೆ. ಒಡೆತ ನಿಮ್ಮ ಅಂಕೆಗೆ ಬಂದ ಮೇಲೆ ಮುನ್ನಿನ ಮೋನ್ ಭಾಗವನ್ನು ದಿನದಿನವೂ ಮೊಟಕು ಮಾಡುತ್ತ ಬನ್ನಿ. ಎರಡು ಸೆಕೆಂಡು ಒಂದಾಗಲಿ, ಒಂದು ಅರ್ಧವಾಗಲಿ, ಕೊನೆಗೆ ತಗ್ಗು ಕೇವಲ ಒಂದು ಸುಳಿವಾಗಿ ಉಳಿಯಲಿ. ಆಗ ನಿಮ್ಮ ಕೈಯಲ್ಲಿ ಹಾಂಕ್ ಇದೆ.

ದನಿಗಳ ಬಳಗ

ಹಾಂಕ್ ಅನ್ನು ಇನ್ನೂ ಗಿಡ್ಡಗೊಳಿಸಿ, ಆರಂಭ ಮತ್ತು ಅಂತ್ಯ ಎರಡನ್ನೂ ಚೂಪಾಗಿಸಿದರೆ ಕ್ಲಕ್ ಬರುತ್ತದೆ. ತುವಿಟ್ ಎಂದು ಒಂದೇ ಬೀಸಿಗೆ ಹೇಳಿದಂತೆ, ನೀರಿನ ಹನಿ ಹಿತ್ತಾಳೆಯ ಪಾತ್ರೆಗೆ ಬಿದ್ದಂತೆ ಅದು ಕೇಳಬೇಕು. ಹೊಲದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ದನಿಯೇ ಇದು; ಕ್ಲಕ್ ಮತ್ತು ಮೋನ್ ಎರಡನ್ನೇ ಚೆನ್ನಾಗಿ ಕಲಿತವರು, ಹತ್ತು ದನಿಗಳನ್ನು ಅರೆಬರೆ ಕಲಿತವರಿಗಿಂತ ಹೆಚ್ಚು ಹಕ್ಕಿಗಳನ್ನು ಹತ್ತಿರ ತರುವುದನ್ನು ನಾನು ಕಂಡಿದ್ದೇನೆ. ಎರಡು ಕ್ಲಕ್‌ಗಳನ್ನು ಒಂದೇ ಉಸಿರಿನಲ್ಲಿ, ಚೆಂಡು ನೆಲಕ್ಕೆ ಬಡಿದು ಪುಟಿದಂತೆ ಜೋಡಿಸಿದರೆ ಡಬಲ್ ಕ್ಲಕ್. ಹೆಣ್ಣುಗಂಡಿನ ಜೋಡಿ ಮಾತಾಡಿದ ಭಾವ ಅದರಿಂದ ಬರುತ್ತದೆ.

ಮರ್ಮರ್ ಎಂಬುದು ಮೇಯುವ ಹಕ್ಕಿಗಳ ಸಂತೃಪ್ತ ಗೊಣಗು. ಕೈಯನ್ನು ಬಹುಮಟ್ಟಿಗೆ ಮುಚ್ಚಿ, ಒಡೆಯದಷ್ಟು ಮೃದುವಾದ ಉಸಿರಿನಲ್ಲಿ, ಗಂಟಲಿನಿಂದ ಸಣ್ಣಗೆ ಗುರ್ ಎನ್ನುತ್ತ, ತುಂಡುತುಂಡಾದ ಮೋನ್‌ಗಳನ್ನು ಲಯವಿಲ್ಲದೆ ಬಿಡಬೇಕು. ಲಯ ಬಂದರೆ ಅದು ಯಂತ್ರದಂತೆ ಕೇಳುತ್ತದೆ. ಲೇಡೌನ್ ಇನ್ನೊಂದು ದನಿ: ಎತ್ತರದಲ್ಲಿ ಹೊರಟು, ಗಂಟಲಿನ ಗುರುಗುಟ್ಟುವಿಕೆಯೊಂದಿಗೆ ಕೆಳಕ್ಕೆ ಬಾಗುತ್ತ, ನೆಲಕ್ಕಿಳಿಯುವ ಹಕ್ಕಿಯಂತೆ ಮುಗಿಯುತ್ತದೆ. ಕಮ್‌ಬ್ಯಾಕ್ ಎಂದರೆ ಬಿಟ್ಟುಹೋಗುತ್ತಿರುವ ಹಿಂಡನ್ನು ಮರಳಿ ಕರೆಯುವ, ಒತ್ತಾಯದ, ಬಿಗಿಯಾದ ಹಾಂಕ್‌ಗಳ ಸರಣಿ. ಇವುಗಳನ್ನು ಮೊದಲ ವರ್ಷ ಕೇಳಿ ಪರಿಚಯ ಮಾಡಿಕೊಂಡರೆ ಸಾಕು.

ಅಭ್ಯಾಸದ ಕ್ರಮ

ದಿನಕ್ಕೆ ಹದಿನೈದು ನಿಮಿಷ, ಎರಡು ಕಂತುಗಳಲ್ಲಿ. ಅದಕ್ಕಿಂತ ಹೆಚ್ಚಾದರೆ ತುಟಿ ದಣಿದು, ಕೆನ್ನೆ ಮತ್ತೆ ಉಬ್ಬತೊಡಗಿ, ಕಲಿತ ಉಸಿರು ಕೆಡುತ್ತದೆ. ಪ್ರತಿ ಕಂತನ್ನೂ ಎರಡು ನಿಮಿಷದ ಮೋನ್‌ನಿಂದಲೇ ಆರಂಭಿಸಿ. ವಾರಕ್ಕೊಮ್ಮೆ ಫೋನನ್ನು ಮೂವತ್ತು ಹೆಜ್ಜೆ ದೂರದಲ್ಲಿಟ್ಟು ಧ್ವನಿಮುದ್ರಿಸಿ, ಕೆರೆಯ ದಂಡೆಯಲ್ಲಿ ಹಿಡಿದ ಹಕ್ಕಿಯ ದನಿಯ ಪಕ್ಕದಲ್ಲಿಟ್ಟು ಕೇಳಿ. ಕಿವಿಯ ಹತ್ತಿರ ಕೇಳುವ ದನಿಗೂ ಬಯಲನ್ನು ದಾಟಿ ಹೋಗುವ ದನಿಗೂ ಬಹಳ ಅಂತರವಿದೆ. ಕೋಣೆಯೊಳಗೆ ಈ ಉಪಕರಣ ಕಿವಿಗೆ ಹಾನಿ ಮಾಡುವಷ್ಟು ಗಟ್ಟಿಯಾಗಿ ನುಡಿಯುವುದರಿಂದ ಇಯರ್‌ಪ್ಲಗ್ ತಪ್ಪಿಸಬೇಡಿ. ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ, ಎಲ್ಲಾದರೂ ನಿಲ್ಲಿಸಿದ ಕಾರು ಒಳ್ಳೆಯ ಅಭ್ಯಾಸದ ಕೋಣೆ. ಓಡಿಸುತ್ತ ನುಡಿಸುವುದು ಬೇಡ.

ಏಪ್ರಿಲ್‌ನಲ್ಲಿ ಆರಂಭಿಸಿದವರು ಸೆಪ್ಟೆಂಬರ್‌ನ ಹೊತ್ತಿಗೆ ಹೊಲಕ್ಕೆ ಸಿದ್ಧರಾಗಿರುತ್ತಾರೆ. ಆಗಸ್ಟ್‌ನಲ್ಲಿ ಕಾಲ್ ಕೊಂಡು ಅದೇ ವರ್ಷ ಬೇಟೆಯಲ್ಲಿ ನುಡಿಸಹೊರಡುವವರು ಆ ಋತುವಿನಲ್ಲಿ ಪಕ್ಕದವರಿಗೆ ನುಡಿಸಲು ಬಿಟ್ಟು ತಾವು ಕೇಳುವುದು ಒಳ್ಳೆಯದು.

ಹೊಲಕ್ಕೆ ಹೋಗುವ ಮೊದಲು ಕಾನೂನು

ಭಾರತದಲ್ಲಿ ಈ ವಿದ್ಯೆಗೆ ಬೇಟೆಯ ಉಪಯೋಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೆಬ್ಬಾತುಗಳ ಬೇಟೆ ಅಪರಾಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಳಿ ದುರ್ಬೀನು ಹಿಡಿದು ಕೂರಬಹುದು, ಕಾಲ್ ನುಡಿಸಿ ಅವುಗಳನ್ನು ಕದಲಿಸುವುದು ಕೂಡ ಸಲ್ಲದು. ಆ ಕೆರೆ 2024ರಿಂದ ರಾಮ್‌ಸಾರ್ ಪಟ್ಟಿಯಲ್ಲಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ.

ಅಮೆರಿಕದಲ್ಲಿ ವಲಸೆ ಹಕ್ಕಿಗಳ ಬೇಟೆ 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಆ್ಯಕ್ಟ್‌ನ ಅಡಿಯಲ್ಲಿ ಬರುತ್ತದೆ. ರಾಜ್ಯದ ಪರವಾನಗಿಯ ಜೊತೆಗೆ, 16 ವರ್ಷ ತುಂಬಿದವರಿಗೆ 25 ಡಾಲರ್‌ನ ಫೆಡರಲ್ ಡಕ್ ಸ್ಟ್ಯಾಂಪ್, ಅಂದರೆ ಜಲಪಕ್ಷಿಗಳ ಬೇಟೆಗೆ ಕೊಳ್ಳಬೇಕಾದ ಕೇಂದ್ರ ಸರ್ಕಾರದ ಚೀಟಿ, ಕಡ್ಡಾಯ. ಬಂದೂಕಿನಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಪ್ಲಗ್ ಇರಬೇಕು. ಜಲಪಕ್ಷಿಗಳ ಬೇಟೆಯಲ್ಲಿ ಸೀಸದ ಗುಂಡುಗಳನ್ನು 1991ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಕೆನಡಾ ಹೆಬ್ಬಾತಿನ ಸಾಮಾನ್ಯ ಋತುವಿನಲ್ಲಿ ಧ್ವನಿಮುದ್ರಿತ ಅಥವಾ ಎಲೆಕ್ಟ್ರಾನಿಕ್ ಕೂಗುಗಳಿಗೆ ಅವಕಾಶವಿಲ್ಲ, ಬಾಯಿಯಿಂದ ನುಡಿಸುವ ಕಾಲ್ ಮಾತ್ರ ಸಲ್ಲುತ್ತದೆ. ಎಚ್-1ಬಿಯಂಥ ವೀಸಾದಲ್ಲಿರುವ ನಮ್ಮವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ಅಂಥವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಮತ್ತು ಊರ್ಜಿತದಲ್ಲಿರುವ ಬೇಟೆಯ ಪರವಾನಗಿ ಅದಕ್ಕಿರುವ ಅಪವಾದಗಳಲ್ಲೊಂದು. ಪರವಾನಗಿಯ ಅವಧಿ ಮುಗಿಯದಂತೆ ನೋಡಿಕೊಳ್ಳುವುದು, ಸಂದೇಹವಿದ್ದರೆ ವಕೀಲರನ್ನು ಕೇಳುವುದು ಅಗತ್ಯ. ದಿನದ ಮಿತಿ, ಋತುವಿನ ದಿನಾಂಕಗಳು ವರ್ಷವರ್ಷವೂ ಬದಲಾಗುತ್ತವೆ. ನಿಮ್ಮ ರಾಜ್ಯದ ಆ ವರ್ಷದ ಕೈಪಿಡಿಯನ್ನೇ ನೋಡಿ.

ಹೊಲದಲ್ಲಿ

ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ಡಿಕಾಯ್‌ಗಳನ್ನು, ಅಂದರೆ ಗೊಂಬೆ ಹಕ್ಕಿಗಳನ್ನು, ಕುಟುಂಬಗಳಂತೆ ನಾಲ್ಕಾರರ ಗುಂಪುಗಳಲ್ಲಿಟ್ಟು, ನಡುವೆ ಇಳಿಯಲು ತೆರವು ಬಿಡುತ್ತಾರೆ. ಹೆಬ್ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಆದ್ದರಿಂದ ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವಂತೆ ಮರೆಯಲ್ಲಿ ಮಲಗಬೇಕು. ಮಲೆನಾಡಿನ ಹಳಬರು ಮರಸು ಕೂರುವುದು ಎನ್ನುತ್ತಿದ್ದ ಆ ಅಲುಗದ ಕಾಯುವಿಕೆ ಇಲ್ಲಿಯೂ ಬೇಕು. ಮುಖ ಮೇಲೆತ್ತಿದರೆ ಎಷ್ಟು ಚೆನ್ನಾಗಿ ನುಡಿಸಿದರೂ ವ್ಯರ್ಥ.

ದೂರದಲ್ಲಿ ಹಿಂಡು ಕಂಡಾಗ ಕೆಲವು ಉದ್ದನೆಯ ಹಾಂಕ್‌ಗಳಿಂದ ಕರೆಯಿರಿ. ಹಿಂಡು ನಿಮ್ಮತ್ತ ತಿರುಗಿದೊಡನೆ ದನಿಯನ್ನು ಅರ್ಧಕ್ಕಿಳಿಸಿ ಕ್ಲಕ್‌ಗಳಿಗೆ ಬನ್ನಿ. ಇಲ್ಲಿನ ಬೇಟೆಗಾರರಲ್ಲಿ ಬಾಲಕ್ಕೂ ರೆಕ್ಕೆಯ ತುದಿಗೂ ನುಡಿಸು ಎಂಬ ಮಾತಿದೆ. ಹಕ್ಕಿಗಳು ಬದಿಗೆ ಸರಿದಾಗ ಅಥವಾ ಬೆನ್ನು ತೋರಿಸಿದಾಗ ದನಿ ಕೊಡಬೇಕು, ಎದೆ ತೋರಿಸುತ್ತ ನೇರವಾಗಿ ಬರುತ್ತಿದ್ದರೆ ಸುಮ್ಮನಿರಬೇಕು ಎಂಬುದು ಅದರ ತಾತ್ಪರ್ಯ. ಮಾತಾಡುತ್ತ ಬರುವ ಹಿಂಡಿಗೆ ಮಾತಿನಿಂದ ಉತ್ತರಿಸಿ, ಮೌನವಾಗಿ ಬರುವ ಹಿಂಡಿಗೆ ಎರಡೇ ಮೋನ್ ಸಾಕು.

ಎರಡನೆಯ ವರ್ಷದ ನವೆಂಬರ್‌ನಲ್ಲಿ ಏಳು ಹಕ್ಕಿಗಳ ಕುಟುಂಬವೊಂದು ರೆಕ್ಕೆ ಬಿಗಿಹಿಡಿದು, ಕಪ್ಪು ಪಾದಗಳನ್ನು ಇಳಿಬಿಟ್ಟು, ತೆರವಿನ ಮೇಲೆ ತೂಗುತ್ತ ಬರುತ್ತಿತ್ತು. ಅಷ್ಟು ಹತ್ತಿರದಲ್ಲಿ ಅವುಗಳ ರೆಕ್ಕೆಯೊಳಗೆ ಗಾಳಿ ಸೀಳುವ ಸದ್ದು ಕೇಳುತ್ತಿತ್ತು. ನಾನು ಆಗಲೂ ನಿಲ್ಲಿಸದೆ ಗಟ್ಟಿಯಾಗಿ ನುಡಿಸುತ್ತಿದ್ದೆ. ಮುಂದಿದ್ದ ಹಕ್ಕಿ ಕತ್ತನ್ನು ಒಮ್ಮೆ ನನ್ನತ್ತ ಹೊರಳಿಸಿತು, ಏಳೂ ಒಟ್ಟಿಗೆ ಮೇಲೆದ್ದವು. ನೆಲದಲ್ಲಿ ನೆಮ್ಮದಿಯಾಗಿ ಮೇಯುತ್ತಿರುವ ಹಕ್ಕಿಗಳು ಪಕ್ಕಕ್ಕೇ ಬಂದಿಳಿಯುವವರನ್ನು ಕೂಗಿ ಕರೆಯುವುದಿಲ್ಲವೆಂಬುದನ್ನು ಸಿಲ್ವರ್ ಲೇಕ್‌ನ ದಂಡೆಯಲ್ಲಿ ಎಷ್ಟೋ ಸಲ ಕೇಳಿದ್ದೆ, ಆದರೂ ಹೊಲದಲ್ಲಿ ಮರೆತಿದ್ದೆ. ಅಂದಿನಿಂದ, ಪಾದ ಇಳಿಬಿಟ್ಟ ಹಕ್ಕಿ ಕಂಡೊಡನೆ ಕಾಲ್ ಅನ್ನು ಬಾಯಿಂದ ಕೆಳಗಿಳಿಸುತ್ತೇನೆ, ಹೆಚ್ಚೆಂದರೆ ಒಂದು ಮರ್ಮರ್.

ಬಂದೂಕು ಹಿಡಿದವರೂ ನುಡಿಸುವವರೂ ಒಬ್ಬರೇ ಆಗಿದ್ದರೆ ಕಾಲ್ ಕೊರಳ ದಾರದಲ್ಲಿ ನೇತಾಡಲಿ, ಕೈಯಿಂದ ಬಿಟ್ಟೊಡನೆ ಎದೆಗೆ ಬೀಳುವಂತಿರಲಿ. ಬಂದೂಕಿನ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲಿ, ತೆಗೆಯುವುದು ಕಾಲ್ ಕೈಬಿಟ್ಟ ಮೇಲೆಯೇ.

ರೀಡ್‌ನ ಆರೈಕೆ

ರೀಡ್ ಮತ್ತು ಟೋನ್ ಬೋರ್ಡ್ ಎಲ್ಲಿ ಕೂತಿವೆಯೆಂಬುದನ್ನು, ಕಾಲ್ ಚೆನ್ನಾಗಿ ನುಡಿಯುತ್ತಿರುವಾಗಲೇ, ಚೂಪಾದ ಪೆನ್ಸಿಲ್‌ನಿಂದ ಗೆರೆ ಎಳೆದು ಗುರುತು ಮಾಡಿಕೊಳ್ಳಿ. ರೀಡ್ ಕೂದಲೆಳೆಯಷ್ಟು ಸರಿದರೂ ದನಿ ಬದಲಾಗುತ್ತದೆ: ಹೊರಚಾಚಿದ ಭಾಗ ಉದ್ದವಾದಷ್ಟೂ ದನಿ ತಗ್ಗುತ್ತದೆ, ಗಿಡ್ಡವಾದಷ್ಟೂ ಎತ್ತರವಾಗುತ್ತದೆ. ಪಕ್ಕಕ್ಕೆ ವಾಲಿದ್ದರೆ ಅಂಟಿಕೊಳ್ಳುತ್ತದೆ. ಅಂಟಿದಾಗ ಬಿಚ್ಚಲು ಅವಸರಿಸದೆ, ಇನ್ಸರ್ಟ್ ಹೊರತೆಗೆದು ಒಂದು ಡಾಲರ್ ನೋಟನ್ನು ರೀಡ್‌ನ ಕೆಳಗೆ ತೂರಿಸಿ, ಮೆಲ್ಲಗೆ ಬದಿಗೆ ಎಳೆದುಕೊಳ್ಳಿ. ಎಂಜಲು, ರೊಟ್ಟಿಯ ಕಣ, ಜೋಳದ ತರಗಿನ ಪುಡಿ ಎಲ್ಲವೂ ನೋಟಿನ ಜೊತೆ ಬರುತ್ತವೆ. ಊಟವಾದೊಡನೆ ಬಾಯಿ ಮುಕ್ಕಳಿಸದೆ ನುಡಿಸುವ ಅಭ್ಯಾಸ ಬೇಡ.

ತೊಳೆಯುವಾಗ ಉಗುರುಬೆಚ್ಚಗಿನ ನೀರೇ ಸಾಕು. ಕುದಿಯುವ ನೀರು ತಗುಲಿದರೆ ಮೈಲಾರ್ ಸುರುಟಿಕೊಂಡು ಮತ್ತೆ ನೆಟ್ಟಗಾಗುವುದಿಲ್ಲ. ರೀಡ್‌ನ ಅಂಚನ್ನು ಕತ್ತರಿಸಿ, ಉಜ್ಜಿ ಟ್ಯೂನ್ ಮಾಡುವ ಕೆಲಸವನ್ನು ಕನಿಷ್ಠ ಎರಡು ಋತು ಮುಂದೂಡಿ, ಮತ್ತು ಆಗಲೂ ಒಂದೆರಡು ಬಿಡಿ ರೀಡ್‌ಗಳನ್ನು ಪಕ್ಕದಲ್ಲಿಟ್ಟುಕೊಂಡೇ ಕೈಹಾಕಿ.

ಡಿಸೆಂಬರ್‌ನ ಬೆಳಗುಗಳಲ್ಲಿ ಉಸಿರಿನ ತೇವ ರೀಡ್‌ನ ಕೆಳಗೆ ಮಂಜುಗಡ್ಡೆಯಾಗುತ್ತದೆ. ಜಾಕೆಟ್ಟಿನ ಹೊರಗೆ ಕಾಲ್ ನೇತುಹಾಕಿಕೊಂಡ ದಿನ, ಹಿಂಡು ತಲೆಯ ಮೇಲೆ ಬಂದಾಗ ನನಗೆ ಹೊರಟದ್ದು ಬರಿಯ ಸುಸ್ ಎಂಬ ಗಾಳಿ. ಈಗ ಎರಡು ಕಾಲ್‌ಗಳನ್ನು ಒಯ್ಯುತ್ತೇನೆ: ಒಂದು ಕೈಯಲ್ಲಿ, ಇನ್ನೊಂದು ಅಂಗಿಯ ಒಳಗೆ ಮೈಗೆ ತಾಗಿದಂತೆ. ಕೈಯಲ್ಲಿನದು ದನಿ ಕಟ್ಟಿಕೊಳ್ಳತೊಡಗಿದಾಗ ಅದಲುಬದಲು ಮಾಡುತ್ತೇನೆ. ಮನೆಗೆ ಬಂದ ಮೇಲೆ ಬ್ಯಾರೆಲ್ ಮತ್ತು ಇನ್ಸರ್ಟ್ ಬೇರ್ಪಡಿಸಿ, ಒಲೆಯಿಂದ ದೂರ, ಟವೆಲ್ ಹಾಸಿದ ಕಿಟಕಿಯ ಕಟ್ಟೆಯ ಮೇಲೆ ರೀಡ್ ಮೇಲ್ಮುಖವಾಗಿರುವಂತೆ ರಾತ್ರಿಯಿಡೀ ಆರಲು ಬಿಡುತ್ತೇನೆ. ಬೆಳಿಗ್ಗೆ ಪೆನ್ಸಿಲ್ ಗೆರೆಗೆ ಸರಿಯಾಗಿ ಕೂರಿಸಿ, ಹೊರಡುವ ಮುನ್ನ ಒಂದು ಉದ್ದನೆಯ ಮೋನ್ ನುಡಿಸಿ ನೋಡುತ್ತೇನೆ.